ಕ್ಯಾಸೆಟ್ಟಿನೊಳಗೆ ಉಳಿದಿದ್ದ ಸದ್ದು

ಚೀಟಿಯಣ್ಣನ ಅಂಗಿಯ ಜೇಬು ಕಾಳು ತುಂಬಿಕೊಂಡ ಅಳಿಲಿನ ಕೆನ್ನೆಯಂತೆ ಸದಾ ಉಬ್ಬಿರುತ್ತಿತ್ತು. ಮೂವತ್ತು ವರ್ಷ ಪತ್ರಿಕೆಯ ವರದಿಗಾರನಾಗಿ, ಕೇಳಿದ್ದನ್ನೆಲ್ಲ ತುಂಡು ಕಾಗದದ ಮೇಲೆ ಗೀಚಿ ಜೇಬಿಗೆ ತುರುಕಿದ್ದಕ್ಕೇ ಆ ಹೆಸರು ಅಂಟಿಕೊಂಡಿತ್ತು. "ಮಾತು ಕಾಳು, ಮಿಕ್ಕಿದ್ದೆಲ್ಲ ಹೊಟ್ಟು. ತೂರಿಬಿಡಬೇಕು" ಎನ್ನುವುದು ಅವನ ಕಸುಬಿನ ಸೂತ್ರ.

ಅವನಿಗೆ ಕೀರ್ತಿ ತಂದದ್ದು ಬಣ್ಣದ ಕಾರ್ಖಾನೆಯ ಕಥೆ. ಊರು ಕುಡಿಯುವ ಕಾಲುವೆಗೆ ಕಾರ್ಖಾನೆ ವಿಷದ ನೀರು ಬಿಡುತ್ತಿತ್ತು. ಪರೀಕ್ಷೆಯ ಕಾಗದದಲ್ಲಿ ಮಾತ್ರ 'ನೀರು ಶುದ್ಧ' ಎಂದಿರುತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಹೆಸರಿಲ್ಲದೆ ಅಂಚೆಯಲ್ಲಿ ಮೂರು ಕ್ಯಾಸೆಟ್ ಕಳಿಸಿದ್ದ. ಅದರಲ್ಲಿದ್ದದ್ದು ಬರೀ ಪಿಸುಮಾತು, ಹಿಂದೆ ಗೊರಗೊರ ಗದ್ದಲ. ಅಚ್ಚಿನ ಯಂತ್ರ ಗುಡುಗುವ ಕಚೇರಿಯಲ್ಲಿ ಕೂತು ಚೀಟಿಯಣ್ಣ ಮಾತನ್ನಷ್ಟೇ ಬರೆದುಕೊಂಡ. ಮೂರನೆಯದರ ಕೊನೆಯಲ್ಲಿ ಆ ಪಿಸುದನಿ ಹೇಳಿತ್ತು: "ಸಹಿ ಹಾಕಿದ ಗುಮಾಸ್ತನ ಹೆಸರೂ ಬರೀರಿ. ಅವನನ್ನ ಬಿಡಬೇಡಿ."

ಆ ಗುಮಾಸ್ತ ಚೀಟಿಯಣ್ಣನ ಒಡಹುಟ್ಟಿದ ಅಕ್ಕನ ಗಂಡ.

"ಭಾವನಾದರೇನು, ಬ್ರಹ್ಮನಾದರೇನು!" ಎಂದು ಅವನು ಹೆಸರನ್ನು ದಪ್ಪಕ್ಷರದಲ್ಲೇ ಹಾಕಿಸಿದ. ಕೈ ಒಂದಿಷ್ಟೂ ನಡುಗಲಿಲ್ಲ. ಕಾರ್ಖಾನೆಗೆ ಬೀಗ ಬಿತ್ತು. ಊರು ಅವನನ್ನು ಹೊತ್ತು ಮೆರೆಸಿತು. ಭಾವನ ಕೆಲಸ ಹೋಯಿತು; ಅಕ್ಕ ಮಾತು ಬಿಟ್ಟಳು. ಅಂದಿನಿಂದ ಅವನು ಅಕ್ಕನ ಮನೆಯ ಬೀದಿ ತುಳಿದಿರಲಿಲ್ಲ.

ಈಗ ಒಬ್ಬ ಹುಡುಗಿ ಆ ವರದಿಗಳನ್ನು ಸಾಕ್ಷ್ಯಚಿತ್ರ ಮಾಡಲು ಹೊರಟಿದ್ದಳು. ದಪ್ಪ ಪರದೆ ಇಳಿಬಿಟ್ಟ ಸಂಕಲನದ ಕೋಣೆಯಲ್ಲಿ ಚೀಟಿಯಣ್ಣನನ್ನು ಕೂರಿಸಿ, ಅವನೇ ಕೊಟ್ಟಿದ್ದ ಹಳೆಯ ಕ್ಯಾಸೆಟ್ ಕೇಳಿಸಲು ಕಿವಿಗೆ ಹೆಡ್‌ಫೋನ್ ಹಾಕಿದಳು.

"ಮಾತೆಲ್ಲ ಅಚ್ಚಾಗಿದೆಯಲ್ಲಮ್ಮ, ಮತ್ತೆ ಇದನ್ನ ಯಾಕೆ ಕೆದಕ್ತೀಯ?"

"ಸಾರ್, ನೀವು 'ಒಬ್ಬರು ಹೇಳಿದರು' ಅಂತ ಬರೆದು ಮೀಸೆ ತಿರುವಿಬಿಟ್ರಿ. ಪರದೆ ಮೇಲೆ ಆ ಒಬ್ಬರು ಎಂಥಾ ಕೋಣೇಲಿ ಕೂತಿದ್ರು ಅನ್ನೋದೂ ಕೇಳಿಸ್ಬೇಕು. ಗೊರಗೊರ ಸೋಸಿ ಹಿಂದಿನ ಸದ್ದು ಬಿಡಿಸಿದೀನಿ, ಕೇಳಿ."

ಟಕಟಕಟಕ... ಟಕಟಕಟಕ... ಠಣ್.

ಹೊಲಿಗೆ ಯಂತ್ರ! ಚೀಟಿಯಣ್ಣ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಅಕ್ಕನ ಯಂತ್ರದ ತುಳಿಹಲಗೆಯ ಮೇಲೆ ಕುಣಿದು ಮುರಿದವನು ಅವನೇ. ಕಬ್ಬಿಣದ ಪಟ್ಟಿಯಿಟ್ಟು ತಂತಿ ಬಿಗಿದವನೂ ಅವನೇ. ಅಂದಿನಿಂದ ಆ ಯಂತ್ರ ಕುಂಟುತ್ತ, ಪಟ್ಟಿ ತಗುಲಿದಾಗಲೆಲ್ಲ ಠಣ್ ಎನ್ನುತ್ತಿತ್ತು. ಆ 'ಠಣ್' ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ. ಹಾಗಾದರೆ ಪಿಸುಗುಟ್ಟಿದವನು...

"ಸಾರ್, ಮುಖ ಯಾಕೆ ಸುಣ್ಣ ಬಳಿದ ಹಾಗಾಯ್ತು?"

"ಈ ಚೂರನ್ನ ಯಾರಿಗೂ ಕೇಳಿಸಬೇಡ ತಾಯಿ" ಎಂದವನೇ ಎದ್ದ. ಚಪ್ಪಲಿ ಅದಲುಬದಲಾದದ್ದು ಅಕ್ಕನ ಮನೆ ತಲುಪಿದ ಮೇಲೆಯೇ ತಿಳಿದದ್ದು.

ಬಾಗಿಲು ತೆಗೆದ ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏನು, ದಾರಿ ತಪ್ಪಿತಾ?"

"ಅಕ್ಕಾ, ಕ್ಯಾಸೆಟ್ಟಲ್ಲಿ ನಿನ್ನ ಯಂತ್ರ..."

ಒಳಗೆ ಕುರ್ಚಿಯಲ್ಲಿದ್ದ ಭಾವ ಕನ್ನಡಕ ತೆಗೆದು ಮಡಿಸಿದ. "ಕೇಳಿಸ್ತಾ ಕೊನೆಗೂ?"

"ನಿಮ್ಮ ಹೆಸರನ್ನ ನೀವೇ ಬರೆಸಿದ್ರಾ ಭಾವ?"

"ಸಹಿ ನಂದೇ ತಾನೇ? ಎರಡು ವರ್ಷ ಕಣ್ಣು ಮುಚ್ಚಿ ಹಾಕಿದೆ. ಮಿಕ್ಕವರನ್ನ ಹಿಡಿದುಕೊಟ್ಟು ನಾನೊಬ್ಬ ನುಣುಚಿಕೊಂಡಿದ್ರೆ ಅದೂ ಒಂದು ಸುಳ್ಳು ಕಾಗದವೇ ಆಗ್ತಿತ್ತು."

"ನಂಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನಿನ್ನ ಕೈ ನಡುಗ್ತಿತ್ತು."

ಚೀಟಿಯಣ್ಣ ಹೊಸ್ತಿಲ ಮೇಲೆ ಕೂತ. "ನಿಂಗೂ ಗೊತ್ತಿತ್ತಾ ಅಕ್ಕ?"

"ಗೊತ್ತಿಲ್ದೆ? ಪಕ್ಕದ ಮನೆಗೆ ಮಾತು ಕೇಳಿಸಬಾರದು ಅಂತ ಯಂತ್ರ ತುಳಿದೋಳೇ ನಾನು."

"ಮತ್ತೆ ಇಷ್ಟು ವರ್ಷ ಕೋಪ ಯಾಕೆ?"

"ಬರೆದದ್ದಕ್ಕಲ್ವೋ ದಡ್ಡ. ಆ ಯಂತ್ರ ಮುರಿದೋನೂ ನೀನು, ಕಟ್ಟಿದೋನೂ ನೀನು. ಮೂರು ಕ್ಯಾಸೆಟ್ ಉದ್ದಕ್ಕೂ ಕಾಲು ನೋಯೋ ಹಾಗೆ ತುಳಿದೆ. ನನ್ನ ತಮ್ಮ ಕೇಳಿಸ್ಕೋತಾನೆ, ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ಕಾದೆ. ನೀನು ಹೊಟ್ಟು ಅಂತ ತೂರಿಬಿಟ್ಟೆ."

ಅವನು ಅದಲುಬದಲಾದ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟ. ಆಮೇಲೆ ಕೇಳಿದ: "ಆ ಸದ್ದು ತೆಗೆಸ್ಲಾ ಭಾವ? ಸಿನಿಮಾ ನೋಡಿದ್ರೆ ಬೀದಿಯೋರೆಲ್ಲ ಗುರುತು ಹಿಡೀತಾರೆ. ನಿಮಗೆ ಬೇಡ ಅಂದ್ರೆ ಬೇಡ."

"ಹೆಸರು ಹಾಕೋವಾಗ ಕೇಳ್ಲಿಲ್ಲ, ಸದ್ದಿಗೆ ಕೇಳ್ತಾನೆ ನೋಡಿ" ಎಂದಳು ಅಕ್ಕ. ಹಾಗೆ ಅಂದವಳೇ ಗಂಡನ ಮುಖ ನೋಡಿದಳು. ಭಾವ ಎದ್ದು ಬಂದು ಬಾಮೈದನ ಜೇಬಿಗೆ ಕೈ ಹಾಕಿ ಒಂದು ಖಾಲಿ ಚೀಟಿ ಎಳೆದ.

ಮರುದಿನ ಸಂಕಲನದ ಕೋಣೆಯಲ್ಲಿ ಹುಡುಗಿ ಕೇಳಿದಳು: "ಸಾರ್, ಆ ಯಂತ್ರದ ಸದ್ದು ಇಡ್ಲಾ, ತೆಗೀಲಾ?"

ಚೀಟಿಯಣ್ಣ ಚೀಟಿ ಮುಂದೆ ಹಿಡಿದ. 'ಇರಲಿ' ಎಂಬ ಮೂರಕ್ಷರ, ಕೆಳಗೆ ಸಹಿ. ಹಳೆಯ ಪರೀಕ್ಷೆಯ ಕಾಗದಗಳಲ್ಲಿ ಹುಡುಗಿ ನೂರು ಸಲ ನೋಡಿದ್ದ ಅದೇ ಸಹಿ. ಅವಳು ಬೆಚ್ಚಿ ತಲೆಯೆತ್ತಿದಳು.

"ಕ್ಯಾಮೆರಾ ಈ ಕಡೆ ತಿರುಗಿಸಮ್ಮ. ಹೆಸರು ಹಾಕಿದವನೂ ಮಾತಾಡಬೇಕು" ಎಂದ ಚೀಟಿಯಣ್ಣ. ಚೀಟಿ ಹಿಡಿದ ಅವನ ಕೈ ಗಡಗಡ ನಡುಗುತ್ತಿತ್ತು.