ನಾನೇ ಕಟ್ಟಿದ ಬೀಜದ ಮುಡಿ

ಆ ಅಧ್ಯಕ್ಷನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ತಾಲೂಕು ಬೋರ್ಡಿನ ಅಧ್ಯಕ್ಷ. ಹೆಸರು ಬರೆಯುವುದಿಲ್ಲ. ಬರೆದರೆ ತಪ್ಪೆಲ್ಲ ಅವನೊಬ್ಬನದೇ ಎಂದಾದೀತು. ಅರ್ಧ ತಪ್ಪು ನನ್ನದು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬಂದ ಹಾಗೆ ಹೇಳುತ್ತೇನೆ.

ಅರವತ್ತರ ದಶಕದ ನಡುವೆ ಅಕ್ಕಿಗೆ ತತ್ವಾರ ಬಂತು. ಆಗ ನಾನು ಬಂಟ್ವಾಳದ ಬಿ.ಸಿ.ರೋಡಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದೆ. ಅಧ್ಯಕ್ಷ ಜೀಪಿಗೆ ಮೈಕು ಕಟ್ಟಿಸಿಕೊಂಡು ಬಂದು, ನಮ್ಮ ಅಕ್ಕಿಯೆಲ್ಲ ಕದ್ದು ಕೇರಳಕ್ಕೆ ಹೋಗುತ್ತಿದೆ, ಬೆಳ್ತಂಗಡಿಯಲ್ಲಿ ಆಗಲೇ ಜನ ಗಂಜಿಯಿಲ್ಲದೆ ಸತ್ತಿದ್ದಾರೆ, ಜಡಿಮಳೆಯ ಆಟಿ ತಿಂಗಳಿಗೆ ನಮ್ಮ ಮಕ್ಕಳ ಸರದಿ ಎಂದ. ಅದಕ್ಕೆ ತನ್ನ ಚೀಟಿಯಿಲ್ಲದೆ ಯಾರೂ ಅಕ್ಕಿ ಭತ್ತ ಸಾಗಿಸಬಾರದು ಎಂದು ನಿಯಮ ಮಾಡಿದ. ಬೆಳ್ತಂಗಡಿ ಬಸ್ಸಿನ ಡ್ರೈವರ್ ಚಾ ಕುಡಿಯುತ್ತ, ಅಲ್ಲಿ ಬೇರೊಬ್ಬ ಅಧ್ಯಕ್ಷ, ಬಂಟ್ವಾಳದಲ್ಲಿ ಜನ ಸತ್ತಿದ್ದಾರೆ ಎಂದು ಭಾಷಣ ಮಾಡುತ್ತಿದ್ದಾನೆ ಎಂದ. ಹೋಟೆಲಿಗೆ ಹೋಟೆಲೇ ನಕ್ಕಿತು. ನಾನೂ ನಕ್ಕೆ. ನಕ್ಕ ಮರುದಿನವೇ ಹೋಗಿ ತೋಳಿಗೆ ಸ್ವಯಂಸೇವಕರ ಪಟ್ಟಿ ಕಟ್ಟಿಸಿಕೊಂಡೆ. ಅಕ್ಕಿ ಡಿಪೋದಲ್ಲಿ ವಾಚ್‌ಮನ್ ಕೆಲಸ ಕೊಡಿಸುತ್ತೇನೆ ಎಂದು ಅಧ್ಯಕ್ಷ ಹೇಳಿದ್ದ. ಬಸ್ಸಿನಲ್ಲಿ ಬಂದವರ ಚೀಟಿಯಿಲ್ಲದ ಅಕ್ಕಿ ಭತ್ತ ಹಿಡಿಯುವುದು ನಮ್ಮ ಕೆಲಸ.

ಸ್ವಯಂಸೇವಕರಿಗೆ ಮಧ್ಯಾಹ್ನದ ಊಟ ಅಧ್ಯಕ್ಷನ ಮನೆಯಲ್ಲಿ. ಅವನ ಚಾವಡಿಯಲ್ಲಿ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮುಡಿಗಳು ಮಾಡಿನ ಹಂಚಿನವರೆಗೆ ಪೇರಿಸಿದ್ದವು. ಅದರ ಎದುರೇ ಕೂತು ಉಂಡೆವು.

ಮೇ ಕೊನೆಯ ಪತ್ತನಾಜೆ ಕಳೆದಿತ್ತು, ಮಳೆಗಾಲದ ಏಣೆಲಿನ ಬೆಳೆಗೆ ಬಿತ್ತುವ ದಿನಗಳು. ನಾವು ಕಾಯುತ್ತಿದ್ದ ಬಿ.ಸಿ.ರೋಡಿನ ಸ್ಟ್ಯಾಂಡಿನಲ್ಲಿ ಮೂಡುಬಿದಿರೆ ಬಸ್ಸಿನಿಂದ ನನ್ನ ಅಕ್ಕ ಇಳಿದಳು, ಸೊಂಟದ ಮೇಲೆ ಒಂದು ಸಣ್ಣ ಮುಡಿ. ಮಿಜಾರಿನ ನಮ್ಮ ಮನೆಯಿಂದ ವಿಟ್ಲದ ಹತ್ತಿರದ ಗಂಡನ ಮನೆಗೆ ಬೀಜ ಒಯ್ಯುತ್ತಿದ್ದಳು. ಅವರದು ಗೇಣಿಯ ಗದ್ದೆ. ಹಿಂದಿನ ವರ್ಷ ಬೆಳೆ ನೆರೆಗೆ ಹೋಗಿ ಬೀಜಕ್ಕೂ ಉಳಿದಿರಲಿಲ್ಲ. ಒಂದು ಬೆಳೆ ಬಿತ್ತದೆ ಹಡೀಲು ಬಿದ್ದರೂ ಗದ್ದೆ ಬೇರೆಯವರಿಗೆ ಎಂದು ಧಣಿ ಹೇಳಿಬಿಟ್ಟಿದ್ದ.

ಅದು ಬೀಜದ ಮುಡಿ ಎಂದು ಬಿಚ್ಚಿ ನೋಡದೆಯೇ ನನಗೆ ಗೊತ್ತಿತ್ತು. ಸುಗ್ಗಿ ಕೊಯ್ಲಿಗೆ ಮನೆಗೆ ಹೋದಾಗ ಅದನ್ನು ಕಟ್ಟಿದ್ದೇ ನಾನು. ಬೈಹುಲ್ಲು ಹರಡಿ, ಭತ್ತ ಸುರಿದು, ಹುಲ್ಲಿನ ಹಗ್ಗ ಸುತ್ತಿ ಸುತ್ತಿ, ಕಾಲಿನಲ್ಲಿ ಒತ್ತಿ ಬಿಗಿದದ್ದು. ಒಬ್ಬೊಬ್ಬನ ಕಟ್ಟು ಒಂದೊಂದು ಥರ. ನಮ್ಮ ಮನೆಯಲ್ಲಿ ಯಾರ ಕೈ ಎಂದು ನೋಡಿದರೇ ತಿಳಿಯುತ್ತಿತ್ತು. ಅಟ್ಟದ ಹೊಗೆಗೆ ಹುಲ್ಲು ಕಪ್ಪಾಗಿತ್ತು, ಅಷ್ಟೇ.

ಅಧ್ಯಕ್ಷ ಜೀಪಿನಲ್ಲಿ ಕೂತಿದ್ದ. ನನ್ನ ಜೊತೆಗಿದ್ದ ಸ್ವಯಂಸೇವಕ ಕೆಣಕಿದ: "ಅಕ್ಕನ ಮುಡಿಯಾದ್ರೆ ಕಣ್ಣು ಕಾಣುದಿಲ್ವಾ ಮಾರಾಯ?"

ಅಕ್ಕ ಅವನಿಗೆ, "ಇದು ಬಿತ್ಲಿಕ್ಕೆ, ಅಣ್ಣೆರೇ. ತಿನ್ಲಿಕ್ಕೆ ಅಲ್ಲ," ಎಂದಳು.

ಬೀಜ ಅಂತ ಒಯ್ದು ನಾಳೆ ಕುಟ್ಟಿ ಕೇರಳಕ್ಕೆ ಮಾರುತ್ತಾರೆ ಎಂದ ಅಧ್ಯಕ್ಷ. ಮತ್ತೆ ನನ್ನ ಕಡೆಗೆ ತಿರುಗಿ ಕೇಳಿದ: "ನಿಂಗೆ ಗೊತ್ತುಂಟಾ, ಇದ್ರಲ್ಲಿ ಎಂತ ಉಂಟು?"

"ನಂಗೆ ಗೊತ್ತಿಲ್ಲ," ಎಂದೆ.

ಅಕ್ಕ ನನ್ನ ಮುಖ ನೋಡಿದಳು. ಮುಡಿಯನ್ನು ನನ್ನ ಕೈಗೇ ಕೊಟ್ಟು ವಿಟ್ಲದ ಬಸ್ಸು ಹತ್ತಿದಳು.

ಹಿಡಿದ ಮಾಲನ್ನು ಹಾಕುತ್ತಿದ್ದ ಶೆಡ್ಡಿನ ಮಾಡು ಸೋರುತ್ತಿತ್ತು. ಮೊದಲ ಮಳೆ ಬಿದ್ದು ವಾರವಾಗುವಾಗ ಆ ಮುಡಿಯ ಹುಲ್ಲಿನ ಸಂದಿನಿಂದ ಹಸಿರು ಮೊಳಕೆ ಹೊರಗೆ ಬಂದಿತ್ತು. ಹಿಡಿದ ಅಕ್ಕಿ ಯಾವ ಮಕ್ಕಳ ಬಟ್ಟಲಿಗೆ ಹೋಯಿತೋ, ನಾನು ಕಾಣಲಿಲ್ಲ. ವಾಚ್‌ಮನ್ ಕೆಲಸ ಅಧ್ಯಕ್ಷನ ಅಳಿಯನಿಗೆ ಸಿಕ್ಕಿತು. ಅಕ್ಕನ ಗದ್ದೆ ಆ ಏಣೆಲಿಗೆ ಹಡೀಲು ಬಿತ್ತು. ಧಣಿ ಹೇಳಿದ ಹಾಗೆಯೇ ಮಾಡಿದ. ಅಕ್ಕ ಬೀಡಿ ಸುತ್ತಲು ಕೂತಳು, ಭಾವ ಕಲ್ಲು ಕಡಿಯಲು ಹೋದರು.

ಮುಂದಿನ ಚುನಾವಣೆಗೆ ಅಧ್ಯಕ್ಷ ಬೇರೆ ಹೆದರಿಕೆ ಹಿಡಿದುಕೊಂಡು ಬಂದ. ತನಗೆ ಓಟು ಹಾಕದಿದ್ದರೆ ಮನೆಯಲ್ಲಿ ಎರಡು ಎತ್ತಿದ್ದರೆ ಒಂದನ್ನು ಸರಕಾರ ಒಯ್ಯುತ್ತದಂತೆ. ನಾನು ಗುಂಪಿನ ನಡುವೆ ನಿಂತು, ಅಂದು ನಿಮ್ಮ ಚಾವಡಿಯಲ್ಲಿದ್ದ ಮುಡಿಗಳಿಗೆ ಯಾರ ಚೀಟಿ ಇತ್ತು ಎಂದು ಕೇಳಿದೆ. ಜನ ಕೂಗೆಬ್ಬಿಸಿದರು. ಅವನು ಸೋತ. ಹೋಟೆಲಿನಲ್ಲಿ ನನ್ನ ಬೆನ್ನು ತಟ್ಟಿದವರೇ ತಟ್ಟಿದವರು.

ಅದನ್ನು ಹೇಳಲು ಉಬ್ಬಿಕೊಂಡು ಅಕ್ಕನಲ್ಲಿಗೆ ಹೋದೆ. ಅವಳು ಬೀಡಿ ಸುತ್ತುತ್ತಲೇ ಎಲ್ಲ ಕೇಳಿದಳು.

"ಮುಡಿ ಕಟ್ಟಿದ್ದು ನೀನೇ ಅಂತ ಅವತ್ತು ನಾನು ಹೇಳ್ಬಹುದಿತ್ತು," ಎಂದಳು. "ಹೇಳಿದ್ರೆ ನಿನ್ನ ಡಿಪೋದ ಕೆಲಸ ತಪ್ತದೆ ಅಂತ ಹೇಳ್ಲಿಲ್ಲ. ನೀನೇ ಹೇಳ್ತಿ ಅಂತ ಕಾದೆ."