ಲಡಾಖಿಗೆ ಹೋದ ಗಂಜಿ

ಕುಕ್ಕರಿನ ರಬ್ಬರು ಇವತ್ತು ಬೆಳಿಗ್ಗೆ ಕೈಕೊಟ್ಟಿತು. ಬಹಳ ದಿನಗಳ ಮೇಲೆ ಪಾತ್ರೆಯಲ್ಲಿ ಅನ್ನಕ್ಕಿಟ್ಟೆ. ಅಗುಳು ಬೆಂದ ಮೇಲೆ ಮುಚ್ಚಳ ಒತ್ತಿ ಹಿಡಿದು ಬಸಿಯುವಾಗ ಕನ್ನಡಕದ ತುಂಬ ಆವಿ ಕೂತು ಕಣ್ಣು ಕಾಣದಂತಾಯಿತು. ಕಣ್ಣು ಕಾಣದಿದ್ದರೆ ಮೂಗು ಚುರುಕಾಗುತ್ತದೆ ಅನ್ನುತ್ತಾರಲ್ಲ, ಹಾಗೆ ಬಿಸಿ ಗಂಜಿಯ ವಾಸನೆ ನೇರವಾಗಿ ನನ್ನನ್ನು ಪುಣೆಯ ಸದಾಶಿವ ಪೇಠದ ಒಂದು ಮನೆಯ ಗ್ಯಾಲರಿಗೆ ಕರೆದುಕೊಂಡು ಹೋಯಿತು. ಅದು ನಮ್ಮ ಮೇಡಂ ಮನೆ.

ಮೇಡಂ ಮಣ್ಣಿನ ವಿಜ್ಞಾನಿ. ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಸತ್ತದ್ದನ್ನು, ಬಿದ್ದದ್ದನ್ನು ಹೇಗೆ ಕೊಳೆಸಿ ಮತ್ತೆ ಮಣ್ಣು ಮಾಡುತ್ತವೆ ಎನ್ನುವುದು ಅವರ ವಿಷಯ. ಅದರಲ್ಲೂ, ಬದುಕುವುದೇ ಕಷ್ಟವಾದ ಜಾಗಗಳಲ್ಲಿ ಅವು ಏನು ಮಾಡುತ್ತವೆ ಎನ್ನುವುದು. ನಾನು ಅವರ ವಿದ್ಯಾರ್ಥಿನಿ. ನನ್ನ ಕೆಲಸವನ್ನು ಮದುವೆಮನೆಗಳಲ್ಲಿ ನೆಂಟರಿಗೆ ವಿವರಿಸಲು ಹೋಗಿ ಸೋತಿದ್ದೇನೆ. ಹತ್ತಿ ಬಟ್ಟೆಯ ಪಟ್ಟಿಗಳನ್ನು ಮಣ್ಣಿನಲ್ಲಿ ಹೂಳುತ್ತೇವೆ, ಕೆಲವು ಕಾಲ ಬಿಟ್ಟು ಅಗೆದು ತೆಗೆದು ಎಷ್ಟು ಕೊಳೆತಿದೆ ನೋಡುತ್ತೇವೆ ಎಂದರೆ, "ಇದಕ್ಕ ಇಷ್ಟ ವರ್ಷ ಓದಬೇಕಾತನವಾ?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆಮೇಲಾಮೇಲೆ ನಾನು "ಟೆಕ್ಸ್‌ಟೈಲ್" ಎಂದಷ್ಟೇ ಹೇಳಿ ಊಟದ ಪಂಕ್ತಿಗೆ ಜಾರಿಕೊಳ್ಳತೊಡಗಿದೆ.

ಪಟ್ಟಿ ಹೂಳುವುದು ಎರಡು ಕಡೆ. ಒಂದು ಬಾರಾಮತಿಯ ಹತ್ತಿರ ಕಬ್ಬಿನ ಗದ್ದೆ. ನೀರು ಕುಡಿದು ಕುಡಿದು ಮೆತ್ತಗಾದ ಕರಿಮಣ್ಣು. ಇನ್ನೊಂದು ಲಡಾಖಿನ ಎತ್ತರದ ಬಯಲು. ಚಳಿ, ಒಣಗಾಳಿ, ಹಿಟ್ಟಿನಂಥ ದೂಳು. ಎರಡೂ ಕಡೆ ಬಟ್ಟೆ ಮಾತ್ರ ಒಂದೇ ಇರಬೇಕು, ಮತ್ತು ಅದರಲ್ಲಿ ಹತ್ತಿಯ ಹೊರತು ಇನ್ನೇನೂ ಇರಕೂಡದು. ಅಂಗಡಿಯಿಂದ ತಂದ ಒರಟು ಮಾಂಜರಪಾಟ ಬಟ್ಟೆಗೆ ಮಗ್ಗದಲ್ಲೇ ಗಂಜಿ ಹತ್ತಿರುತ್ತದೆ. ಅದು ಸೂಕ್ಷ್ಮಜೀವಿಗಳಿಗೆ ಪುಕ್ಕಟೆ ಉಪಾಹಾರವಿದ್ದಂತೆ. ಹಾಗಾಗಿ ಪಟ್ಟಿಗಳನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ಒಗೆದು ಗಂಜಿಯೆಲ್ಲ ಕಳೆಯಬೇಕು. ನಮ್ಮ ಪ್ರಯೋಗಾಲಯಕ್ಕೆ ಬರುವುದು ಬೋರ್‌ವೆಲ್ಲಿನ ಉಪ್ಪುನೀರು. ಆದ್ದರಿಂದ ಒಗೆಯುವುದು, ಒಣಗಿಸುವುದು ಎಲ್ಲ ಮೇಡಂ ಮನೆಯಲ್ಲಿ.

ಆ ಮನೆಯಲ್ಲಿ ಅಜ್ಜಿ ಇದ್ದರು, ಮೇಡಂ ಅವರ ಅತ್ತೆ. ಧಾರವಾಡದ ಕಡೆಯವರು. ಮದುವೆಯಾಗಿ ಪುಣೆಗೆ ಬಂದವರು, ಮರಾಠಿಯನ್ನು ತರಕಾರಿ ಕೊಳ್ಳುವಷ್ಟು ಮಾತ್ರ ಮನೆಯೊಳಗೆ ಬಿಟ್ಟುಕೊಂಡಿದ್ದರು. ಭಾನುವಾರ ಬಂತೆಂದರೆ ಅವರು ಸೊಸೆಯ ನೂಲಿನ ಸೀರೆಗಳಿಗೆಲ್ಲ ಗಂಜಿ ಹಾಕುತ್ತಿದ್ದರು. ಅರೆ ಒಣಗಿದ ಮೇಲೆ ನೀರು ಚಿಮುಕಿಸಿ, ಅಂಗೈಯಲ್ಲಿ ನೀವಿ, ಮಡಿಚಿ ತಮ್ಮ ಹಾಸಿಗೆಯ ಕೆಳಗೆ ಇಡುತ್ತಿದ್ದರು. ಇಸ್ತ್ರಿ ಪೆಟ್ಟಿಗೆಯ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಆ ಸೀರೆ ಉಟ್ಟು ಮೇಡಂ ಕಾರಿಡಾರಿನಲ್ಲಿ ಬಂದರೆ ತೆಂಗಿನ ಗರಿ ಎಳೆದಂತೆ ಸರಬರ ಸದ್ದು. ನಾವು ಹುಡುಗಿಯರು ಮೊಬೈಲು ಕೆಳಗಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚುವುದಕ್ಕೆ ಆ ಸದ್ದೇ ಗಂಟೆ.

ಲಡಾಖಿಗೆ ಹೊರಡುವ ಹಿಂದಿನ ದಿನ ಪಟ್ಟಿಗಳನ್ನು ಒಯ್ಯಲು ನಾನು ಮನೆಗೆ ಹೋದೆ. ಅಜ್ಜಿ ಹಾಸಿಗೆ ಎತ್ತಿ ಕಟ್ಟನ್ನು ತೆಗೆದು ಕೊಟ್ಟರು. ಒಂದೊಂದು ಪಟ್ಟಿಯೂ ಹಪ್ಪಳದ ಹಾಗೆ ನಿಂತಿತ್ತು.

"ಪರ ಊರಿಗೆ ಹೊಂಟಾವ ತಂಗಿ, ಮುದುಡಿ ಮುದ್ದಿ ಆಗಿ ಹೋಗಬೇಕೇನ? ನೋಡೀಗ, ಹೆಂಗ ಅವ!"

ಒಳಗಿನಿಂದ ಬಂದ ಮೇಡಂ ಒಂದು ಪಟ್ಟಿಯನ್ನು ಮುಟ್ಟಿ ನೋಡಿದರು. ಲಡಾಖಿನಲ್ಲಿ ನೆಲ ಅಗೆಯಲು ಆಗುವುದು ಬೇಸಿಗೆಯಲ್ಲಷ್ಟೇ. ಈ ಸಲ ತಪ್ಪಿದರೆ ನನ್ನ ಕೆಲಸ ಒಂದು ವರ್ಷ ಹಿಂದೆ ಬೀಳುತ್ತಿತ್ತು. ಅವರು ಎಂದೂ ದನಿ ಏರಿಸಿದವರಲ್ಲ, ಆವತ್ತೂ ಏರಿಸಲಿಲ್ಲ. ತಣ್ಣಗೆ ಹೇಳಿದರು: "ಅವ್ವಾರ, ಇವನ್ನ ಮುಟ್ಟ್ರಿ ಅಂತ ನಿಮಗ ಯಾರ ಹೇಳಿದ್ರು? ತಿಳೀಲಾರದ್ದಕ್ಕ ಕೈ ಹಾಕಬ್ಯಾಡ್ರಿ."

ಅಜ್ಜಿ ಹಾಸಿಗೆಯ ಅಂಚನ್ನು ಸರಿ ಮಾಡಿದರು. "ಆತವಾ. ಇನ್ನ ಹಾಕಂಗಿಲ್ಲ," ಎಂದರು.

ಅಡುಗೆಮನೆಯ ದೊಡ್ಡ ಪಾತ್ರೆಗಳೆಲ್ಲ ಒಲೆ ಏರಿದವು. ಗಂಜಿ ಹೋಯಿತೇ ಇಲ್ಲವೇ ತಿಳಿಯಲು ಬಟ್ಟೆಯ ಮೇಲೆ ಒಂದು ಹನಿ ಅಯೋಡಿನ್ ಬಿಡುತ್ತೇವೆ. ಗಂಜಿ ಇದ್ದರೆ ಕಡುನೀಲಿ ಮೂಡುತ್ತದೆ. ಒಗೆಯುವುದು, ಅಂಚಿಗೆ ಹನಿ ಬಿಡುವುದು, ನೀಲಿ, ಮತ್ತೆ ಒಗೆಯುವುದು. ಅಜ್ಜಿ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, "ಇನ್ನೂ ನೀಲಿ ಬರ್ತದನ ತಂಗಿ?" ಎಂದು ನನ್ನನ್ನು ಕೇಳುತ್ತಿದ್ದರು, ಸೊಸೆಯನ್ನಲ್ಲ. ಸಂಜೆಯ ಹೊತ್ತಿಗೆ ಬೇಕಾದಷ್ಟು ಪಟ್ಟಿಗಳು ಶುದ್ಧವಾದವು. ಕೆಲವನ್ನು ಇನ್ನೂ ಒಗೆದೇ ಇರಲಿಲ್ಲ. ಮೇಡಂ ಅವನ್ನು ಕೈಗೆತ್ತಿಕೊಂಡು ಎಣಿಸಿದರು. ಆಮೇಲೆ ಒಂದೊಂದರ ತುದಿಗೂ ಕೆಂಪು ನೈಲಾನ್ ದಾರ ಕಟ್ಟಿ, "ಇವೂ ಹೋಗಲಿ. ಎರಡೂ ಕಡೆ ಬ್ಯಾರೆ ಹೂಳೋಣು," ಎಂದರು. ಅದು ವಿಜ್ಞಾನವೋ ಕ್ಷಮೆಯೋ ನಾನು ಕೇಳಲಿಲ್ಲ. ಕೇಳುವ ಸ್ವಭಾವ ನನ್ನದಲ್ಲ.

ಅಜ್ಜಿ ಮಾತಿಗೆ ತಪ್ಪಲಿಲ್ಲ. ಊಟ, ಚಹಾ, ಮಾತು ಎಲ್ಲ ಮೊದಲಿನ ಹಾಗೆಯೇ ಇದ್ದವು. ಗಂಜಿ ಮಾತ್ರ ನಿಂತಿತು. ಮೇಡಂ ಸೀರೆಗಳು ಗಲ್ಲಿಯ ಇಸ್ತ್ರಿಯವನ ಕಡೆ ಹೋಗಿ ಮೆತ್ತಗೆ ಮರಳುತ್ತಿದ್ದವು. ಕಾರಿಡಾರಿನಲ್ಲಿ ಸದ್ದಿಲ್ಲ. ಮೇಡಂ ಯಾವಾಗ ಬೆನ್ನ ಹಿಂದೆ ಬಂದು ನಿಂತರೋ ತಿಳಿಯದೆ ನಾವು ಹರಟೆಯ ನಡುವೆ ಎಷ್ಟೋ ಸಲ ಸಿಕ್ಕಿಬಿದ್ದೆವು. ಉಳಿದವರಿಗೆ ಅದೊಂದು ತಮಾಷೆ. ನನಗೆ ಕಾರಣ ಗೊತ್ತಿತ್ತು. ಮೇಡಂ ಕೂಡ ಒಮ್ಮೆ ಸೆರಗಿನ ತುದಿಯನ್ನು ಬೆರಳಲ್ಲಿ ಹೊಸೆಯುತ್ತ, ಯಾರಿಗೆಂದಿಲ್ಲದೆ, "ಕೇಳಿದ್ರ ಹಾಕಿ ಕೊಡ್ತಾರ. ಕೇಳೂದ ಹೆಂಗ?" ಎಂದರು. ಕೊಳೆಯುವಿಕೆಯ ಬಗ್ಗೆ ಇಷ್ಟೆಲ್ಲ ತಿಳಿದವರಿಗೂ ಒಂದು ಮಾತನ್ನು ಮಣ್ಣು ಮಾಡುವ ದಾರಿ ತಿಳಿದಿರಲಿಲ್ಲ.

ಬಾರಾಮತಿಯ ಪಟ್ಟಿಗಳನ್ನು ಮಳೆಗಾಲ ಮುಗಿದ ಮೇಲೆ ತೆಗೆದೆವು. ಶುದ್ಧ ಪಟ್ಟಿಗಳು ಜಾಳುಜಾಳಾಗಿದ್ದವು. ಅಜ್ಜಿಯ ಪಟ್ಟಿಗಳ ಜಾಗದಲ್ಲಿ ಕೆಂಪು ದಾರವಷ್ಟೇ ಸಿಕ್ಕಿತು. ಲಡಾಖಿನವು ಬಂದದ್ದು ಮರುವರ್ಷದ ಬೇಸಿಗೆಯಲ್ಲಿ. ಗಂಜಿ ಇದ್ದದ್ದು, ಇಲ್ಲದ್ದು, ಎರಡೂ ಹೂತ ಹಾಗೆಯೇ ಇದ್ದವು. ಅಳತೆಗಳೆಲ್ಲ ಮುಗಿದ ಮೇಲೆ ಉಳಿದ ಒಂದು ಕೆಂಪು ದಾರದ ಪಟ್ಟಿಯನ್ನು ಮೇಡಂ ಪರ್ಸಿನಲ್ಲಿಟ್ಟುಕೊಂಡು, "ನೀನೂ ಬಾ," ಎಂದರು.

ಮನೆಯಲ್ಲಿ ಅಜ್ಜಿಯ ಮುಂದೆ ಪಟ್ಟಿ ಹಾಸಿ, ಅದರ ಮೂಲೆಗೆ ನಾನೇ ಹನಿ ಬಿಟ್ಟೆ. ಕಡುನೀಲಿ.

"ನನ್ನ ಗಂಜಿ ಹಂಗ ಅದನ?" ಅಜ್ಜಿ ಬಗ್ಗಿ ನೋಡಿದರು. "ಯಾರೂ ಬಾಯಿ ಹಚ್ಚಿಲ್ಲ? ಅಲ್ಲಿ ತಿನ್ನೋರ ಇಲ್ಲೇನ?"

"ಇದ್ದಾರಿ ಅವ್ವಾರ," ಎಂದರು ಮೇಡಂ. "ಹಸದ ಕುಂತಾರ. ನೀರ ಇಲ್ಲ, ಚಳಿ ಭಾಳ. ಎಡಿ ಮುಂದ ಇದ್ರೂ ತಿನ್ನಾಕ ಆಗೂದಿಲ್ಲ."

"ಹಂಗಾದ್ರ ಮೊದಲ ನೀರ ಕೊಡಬೇಕಿಲ್ಲ? ಬಂದವರಿಗೆ ನೀರ ಕೊಡದ ಎಲಿ ಹಾಕ್ತಾರೇನ ಯಾರರ?" ಎಂದು ಗೊಣಗುತ್ತ ಅಜ್ಜಿ ತಂಬಿಗೆಯಿಂದ ಪಟ್ಟಿಯ ಮೇಲೆ ನೀರು ಚಿಮುಕಿಸಿದರು. ಅಂಗೈಯಲ್ಲಿ ನೀವಿದರು. ಮಡಿಚಿ ಹಾಸಿಗೆಯ ಕೆಳಗೆ ಇಟ್ಟರು. ನಾನು ಮೇಡಂ ಮುಖ ನೋಡಿದೆ. ಅವರು ಅಯೋಡಿನ್ ಸೀಸೆಯ ಬಿರಡೆ ಮುಚ್ಚುತ್ತಿದ್ದರು.

ಮುಂದಿನ ಶನಿವಾರ ಮೇಡಂ ಮನೆಯಿಂದ ಮತ್ತೆ ಕರೆ ಬಂತು. ಹಾಸಿಗೆಯ ಬೆಚ್ಚನೆಗೆ ಪಟ್ಟಿಯ ತುಂಬ ಬೂದು, ಹಳದಿ ಚುಕ್ಕೆಗಳು ಎದ್ದಿದ್ದವು. ಮೂಗಿನ ಹತ್ತಿರ ತಂದರೆ ಮೊದಲ ಮಳೆಯ ವಾಸನೆ.

"ಉಂಡಾರ ನೋಡು!" ಅಜ್ಜಿಗೆ ಸಂಭ್ರಮ.

ಲಡಾಖಿನ ದೂಳಿನಲ್ಲಿ ಮಲಗಿದ್ದವು ಎದ್ದವೋ, ಸದಾಶಿವ ಪೇಠದ ಗಾಳಿಯಿಂದ, ಅಜ್ಜಿಯ ಅಂಗೈಯಿಂದ ಬಂದು ಕೂತವೋ ಹೇಳಲು ಬರುವುದಿಲ್ಲ ಎಂದು ನಾನು ಬಾಯಿ ತೆರೆಯುವವಳಿದ್ದೆ. ಮೇಡಂ ನನಗಿಂತ ಮೊದಲು ಮಾತಾಡಿದರು. "ಹೌದ್ರಿ ಅವ್ವಾರ. ಉಂಡಾರ. ಈ ನೀರಿನ ಮಾತ ನಮಗ ಹೊಳೀಲಿಲ್ಲ." ಅಜ್ಜಿಯ ಕಡೆ ತಿರುಗಿ, "ನೀವು ಕೈ ಹಾಕಿದ್ದಕ್ಕ ತಿಳೀತು," ಎಂದರು. ಅಜ್ಜಿ ಗ್ಯಾಲರಿಗೆ ಹೋಗಿ ತಂತಿಯ ಮೇಲೆ ಏನೇನು ಒಣಗಿದೆ ಎಂದು ನೋಡತೊಡಗಿದರು.

ಆ ಪಟ್ಟಿಯನ್ನು ನನ್ನ ಪ್ರಬಂಧದಲ್ಲಿ ಸೇರಿಸಿಲ್ಲ, ಸೇರಿಸಲೂ ಬಾರದು. ಆಮೇಲೆ ಮುಚ್ಚಿದ ಗಾಜಿನಲ್ಲಿ, ಕುದಿಸಿ ಶುದ್ಧಮಾಡಿದ ನೀರು ಕೊಟ್ಟು, ಲಡಾಖಿನ ಮಣ್ಣನ್ನು ಬೆಚ್ಚಗಿಟ್ಟು ಸರಿಯಾದ ಕ್ರಮದಲ್ಲಿ ಮತ್ತೆ ಮಾಡಿದೆವು. ಅವು ಎದ್ದವು. ಆ ಅಧ್ಯಾಯ ಇದೆ. ಅಜ್ಜಿಯ ಹಾಸಿಗೆ ಅದರಲ್ಲಿಲ್ಲ. ಆ ಶನಿವಾರ ಕಳೆದು ಸೋಮವಾರ ನಾವು ಹರಟೆಯಲ್ಲಿ ಮುಳುಗಿದ್ದಾಗ ಕಾರಿಡಾರಿನ ಕೊನೆಯಿಂದ ತೆಂಗಿನ ಗರಿ ಎಳೆದಂತೆ ಸರಬರ ಕೇಳಿಸಿತು ಎನ್ನುವುದೂ ಇಲ್ಲ. ಎಲ್ಲರೂ ಮೊಬೈಲು ಕೆಳಗಿಟ್ಟರು. ನಾನು ಮಾತ್ರ ಇಡುವುದನ್ನು ಮರೆತು ನಗುತ್ತ ಕೂತು ಬೈಸಿಕೊಂಡೆ.

ಗಂಜಿ ಈಗ ಆರಿ ಕೆನೆಗಟ್ಟಿದೆ. ನಾಳೆಯಿಂದ ನಾನು ಕಾಲೇಜೊಂದರಲ್ಲಿ ಪಾಠ ಮಾಡುವವಳು. ಯಾರಿಗೂ ಕೇಳಿಸದಂತೆ ಬಂದು ಹೋಗುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ. ಸಿಂಕಿನ ತನಕ ಹೋದ ಪಾತ್ರೆಯನ್ನು ಹಿಂದಕ್ಕೆ ತಂದು, ನಾಳೆ ಉಡಬೇಕಾದ ನೂಲಿನ ಸೀರೆಯನ್ನು ಅದರಲ್ಲಿ ಅದ್ದಿದ್ದೇನೆ. ಹಾಸಿಗೆಯ ಕೆಳಗೆ ಜಾಗ ಮಾಡಬೇಕು.