ಮರಿಗಳಿಗೆಂದು ಹೊಲಿದ ಡೇರೆ

ತಿಕೋಟಾ ಸುತ್ತಿನ ದ್ರಾಕ್ಷಿ ಒಣಗಿಸುವ ಶೆಡ್ಡುಗಳಿಗೆ ತಾಡಪತ್ರಿ ಹೊಲಿಯುತ್ತ ಸೈಫುದ್ದೀನ ಇಪ್ಪತ್ತೆರಡು ವರ್ಷ ಕಳೆದ. ಅವನು ಹೊಲಿದ ಕಡೆ ಹನಿ ನೀರು ಒಳಗೆ ಇಳಿಯುತ್ತಿರಲಿಲ್ಲ. ಆಮೇಲೆ ಮೊಣಕಾಲು ಹಿಡಿದವು. ಶೆಡ್ಡು ಹತ್ತಿ ಇಳಿಯುವುದು ಆಗದೆಂದು ವಿಜಯಪುರದ ಹೊರಗಿನ ಒಂದು ಕಂಪನಿ ಸೇರಿದ. ಬೆಟ್ಟ ಹತ್ತುವ ಶೋಕಿಯವರಿಗೆ ಡೇರೆ, ಬೆನ್ನಚೀಲ ಮಾಡುವ ಕಂಪನಿ ಅದು. ಹರಿದು ವಾಪಸು ಬಂದದ್ದನ್ನು ರಿಪೇರಿ ಮಾಡುವುದು ಇವನ ಕೆಲಸ. ಕೋಣೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು: ಎಸೆಯುವುದಿಲ್ಲ, ಹೊಲಿಯುತ್ತೇವೆ. ಅಕ್ಷರ ಕೂಡಿಸಿ ಕೂಡಿಸಿ ಓದಿದವನಿಗೆ, ಇದನ್ನು ಬರೆಸಿದವರು ನನ್ನಂಥವರೇ ಯಾರೋ ಇರಬೇಕು ಅನ್ನಿಸಿತು. ನಂಬಿಬಿಟ್ಟ.

ಒಂದು ಮಳೆಗಾಲ, ರಿಪೇರಿಯಾದ ಡೇರೆಗಳನ್ನು ಕುರಿಗಾರರಿಗೆ ಹಂಚಬೇಕೆಂದು ಕಂಪನಿ ಗೊತ್ತು ಮಾಡಿತು. ಆ ಕಡೆಯ ಮಂದಿಯ ಪರಿಚಯವಿದ್ದ ಸೈಫುದ್ದೀನನನ್ನೇ ಕಳಿಸಿದರು. ಮಮದಾಪುರ ಕೆರೆಯ ಆಚೆ ಕುರಿ ತರುಬಿ ಬೀಡುಬಿಟ್ಟಿದ್ದ ಮಲಕಾಜಪ್ಪ ಡೇರೆಯೊಳಗೆ ತಲೆ ತೂರಿಸಿ ನೋಡಿ ನಕ್ಕ.

"ಸೈಫಣ್ಣಾ, ಇದರಾಗ ಮಲಗಿದರ ಕುರಿ ಯಾರು ಕಾಯ್ತಾರ? ತೋಳ ಬಂದು, ಏಳೋ ಯಪ್ಪಾ, ಒಂದು ಒಯ್ತೀನಿ ಅಂತ ಹೇಳಿ ಒಯ್ತೈತೇನು?"

ಅವನ ಹೆಂಡತಿ ಬೋರವ್ವ ನಗಲಿಲ್ಲ. ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ಮರಿ ಇಡಾಕ ಬರ್ತೈತಿ ನೋಡಣ್ಣಾ. ಹ್ವಾದ ಮಳಿಗಾಲ ಕೆಸರಾಗ ನಿಂತು ನಿಂತು ಒಂಬತ್ತು ಮರಿ ಹ್ವಾದುವು."

ಸೈಫುದ್ದೀನ ಒಂದು ಡೇರೆಯನ್ನು ಮನೆಗೆ ಒಯ್ದ. ಉಚ್ಚೆ ನಿಲ್ಲಬಾರದೆಂದು ತಳ ಕತ್ತರಿಸಿದ, ಗಾಳಿಯಾಡಲೆಂದು ಸುತ್ತಲೂ ಗೇಣಗಲ ಜಾಳಿಗೆ ಹೊಲಿದ, ಮರಿ ತಾನೇ ನುಸುಳುವಷ್ಟು ಬಾಗಿಲು ಇಟ್ಟ. ಹೆಂಡತಿ ಪೀರಾಂಬಿ ಚುಚ್ಚಿದಳು: "ನನ್ನ ಸಂತಿ ಚೀಲದ ಜಿಪ್ಪು ಹೋಗಿ ಆರು ತಿಂಗಳಾತು. ನಾನೂ ಕುರಿಯಾಗಿ ಹುಟ್ಟಬೇಕಿತ್ತು."

ಡೇರೆಯನ್ನು ಬೋರವ್ವನಿಗೆ ಒಯ್ದು ಕೊಟ್ಟ. ಹದಿನೈದು ದಿನದ ಜಡಿಮಳೆಯಲ್ಲಿ ಒಂದೂ ಮರಿ ಸಾಯಲಿಲ್ಲ. ಸೈಫುದ್ದೀನ ಬಂದರೆ ಬೋರವ್ವ ಕುರಿಹಾಲಿನ ಚಹಾ ಕಾಸಿ ಕೊಡುತ್ತಿದ್ದಳು.

ಆಮೇಲೆ ಸೈಫುದ್ದೀನನನ್ನು ಜೊತೆಗೆ ಕರೆದುಕೊಂಡು ಕಂಪನಿಯಿಂದ ಫೋಟೋ ತೆಗೆಯುವವರು ಬಂದರು. ಸಮಾಜಸೇವೆಯ ವಿಭಾಗದ ಗೀತಾಂಜಲಿ ಮೇಡಂ, ಮ್ಯಾನೇಜರ ಚಂದ್ರಕಾಂತ, ಎರಡು ಕ್ಯಾಮೆರಾ. ಜಿಟಿಜಿಟಿ ಮಳೆ.

"ಇದರ ತಳ ಎಲ್ಲಿ?" ಎಂದಳು ಗೀತಾಂಜಲಿ.

"ನಾನ ಕತ್ತರಿಸೀನ್ರಿ ಮೇಡಂ. ಮರಿಗೋಳಿಗೆ..."

"ನಾವು ಕೊಟ್ಟಿದ್ದು ಮನುಷ್ಯರಿಗೆ. ಮರಿಗಳನ್ನ ಹೊರಗೆ ಬಿಡಿಸಿ, ಒಳಗೆಲ್ಲ ಒರೆಸಿ. ಗಂಡ ಹೆಂಡತಿ ಬಾಗಿಲಲ್ಲಿ ಕೂರಲಿ."

"ಮಳಿ ನಿಲ್ಲಲಿರಿ. ಎರಡು ದಿನದ ಮರಿ ಅದಾವ."

ಚಂದ್ರಕಾಂತ ಅವನನ್ನು ಬದಿಗೆ ಕರೆದ. ದನಿ ಏರಿಸಲಿಲ್ಲ. "ಕಂಪನಿ ಮಾಲು ಕತ್ತರಿಸೀದಿ, ನಾ ಸುಮ್ನಿದ್ದೀನಿ. ಈ ತಿಂಗಳ ನಿನ್ನ ನೌಕರಿ ಮುಂದುವರಿಸೋ ಕಾಗದಕ್ಕ ಸಹಿ ಹಾಕಾಂವ ನಾನ. ನೋಡು ಮತ್ತ."

ಸೈಫುದ್ದೀನ ನೋಡಿದ. ಬಗ್ಗಿ, ಒಂದೊಂದೇ ಮರಿಯನ್ನು ತಾನೇ ಎತ್ತಿ ಹೊರಗಿಟ್ಟ.

"ನಿನ್ನ ಕೈಲೇ ಬ್ಯಾಡಾಗಿತ್ತಣ್ಣಾ," ಎಂದಳು ಬೋರವ್ವ.

ಅವಳು ಮರಿಗಳ ಮೇಲೆ ಕಂಬಳಿ ಹೊದಿಸಿದಳು. ಆ ಕಂಬಳಿ ಚೆನ್ನಾಗಿ ಕಾಣುತ್ತದೆ, ಗಂಡನ ಹೆಗಲ ಮೇಲಿರಲಿ ಎಂದು ಫೋಟೋದವನು ಅದನ್ನೂ ತರಿಸಿಕೊಂಡ. ಒಂದೂವರೆ ತಾಸು ಹಿಡಿಯಿತು. ಬೋರವ್ವನಿಗೆ ನಗಲು ಹೇಳಿದರು, ನಕ್ಕಳು. ಮುಗಿದ ಮೇಲೆ, ತಳವಿಲ್ಲದ ಡೇರೆಯನ್ನು ಯಾರಾದರೂ ನೋಡಿದರೆ ಕಂಪನಿಗೆ ಕೆಟ್ಟ ಹೆಸರೆಂದು ಅದನ್ನು ಮಡಚಿ ಗಾಡಿಗೆ ಹಾಕಿ, ಹೊಸದೊಂದನ್ನು ಇಟ್ಟು ಹೋದರು.

ಮರುದಿನ ಬೆಳಿಗ್ಗೆ ನಾಲ್ಕು ಮರಿ ಏಳಲಿಲ್ಲ.

ರವಿವಾರ ಸೈಫುದ್ದೀನ ಕತ್ತರಿ, ಜಾಳಿಗೆ ತೆಗೆದುಕೊಂಡು ಬಬಲೇಶ್ವರದ ಬಸ್ಸು ಹತ್ತಿ, ಅಲ್ಲಿಂದ ಮಮದಾಪುರಕ್ಕೆ ಹೋದ. ನೌಕರಿಯ ಕಾಗದ ಹಿಂದಿನ ದಿನವೇ ಕೈಗೆ ಬಂದಿತ್ತು. ಹೊಸ ಡೇರೆಯ ತಳ ಕತ್ತರಿಸಿ ಕೊಡುತ್ತೇನೆಂದ. ಮಲಕಾಜಪ್ಪ ಬೇರೆ ಕಡೆ ನೋಡಿದ. ಬೋರವ್ವ ಕಟ್ಟಿಟ್ಟಿದ್ದ ಡೇರೆಯನ್ನು ತಂದು ಅವನ ಮುಂದಿಟ್ಟಳು.

"ಒಯ್ಯಣ್ಣಾ. ನಿಮ್ಮ ಮಂದಿ ಮತ್ತ ಯಾರದರ ಫೋಟೋ ತೆಗಿಯಾಕ ಬೇಕಾಗ್ತೈತಿ."

"ತಂಗೀ, ನನ್ನ ಮಾತು ಕೇಳು..."

"ಕೇಳಿದ್ನಲ್ಲ," ಎಂದು ಅವಳು ಕುರಿಗಳ ಕಡೆ ಹೋದಳು.